ಹೆಸರಿಗೆ ಕಟ್ಟುನಿಟ್ಟು, ಬೆಲೆಗೆ ಸ್ವಾತಂತ್ರ್ಯ: ಗಣಕಯಂತ್ರ ಒಪ್ಪುವ ಹೆಸರುಗಳ ಬಗ್ಗೆ ಒಂದಿಷ್ಟು

ದಾಬೋಲಿಮ್: ಗೋವಾದ ಮುರ್ಮಗಾಂವ್ ತಾಲೂಕಿನ ಈ ಊರು ಒಂದೇ, ಅದರ ಹೆಸರು ಬರೆಯುವ ರೀತಿ ಹಲವು. ಇಂಗ್ಲಿಷ್ ಫಲಕದಲ್ಲಿ ಪೋರ್ಚುಗೀಸರ ಕಾಲದ ಕಾಗುಣಿತದಂತೆ ಕೊನೆಗೊಂದು ‘ಎಂ’ ಅಕ್ಷರ. ಕೊಂಕಣಿ, ಮರಾಠಿ ಬರಹದಲ್ಲಿ ‘ದಾಬೋಳಿ’. ಕನ್ನಡದಲ್ಲಿ ಕೆಲವರು ‘ದಾಬೋಲಿಮ್’ ಎಂದರೆ ಮತ್ತೆ ಕೆಲವರು ‘ದಾಬೋಲಿಂ’. ವಾಸ್ಕೋ, ಜುವಾರಿನಗರದ ಕನ್ನಡಿಗರು ಇವುಗಳಲ್ಲಿ ಯಾವುದನ್ನು ಓದಿದರೂ ಊರು ಯಾವುದೆಂದು ತಿಳಿದುಕೊಳ್ಳುತ್ತಾರೆ.

ಟಿಕೆಟ್ ಕೊಡುವ ಗಣಕಯಂತ್ರಕ್ಕೆ ಅಂತಹ ಉದಾರತೆ ಇಲ್ಲ. ಇಲ್ಲಿನ ವಿಮಾನ ನಿಲ್ದಾಣವನ್ನು ಅದು ಗುರುತಿಸುವುದು ಜಿ, ಓ, ಐ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ. 2023ರ ಜನವರಿ 5ರಿಂದ ವಿಮಾನ ಸಂಚಾರ ಆರಂಭವಾದ ಮೋಪಾದ ಮನೋಹರ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಸಂಕೇತ ಜಿ, ಓ, ಎಕ್ಸ್. ಎರಡೂ ಗೋವಾವೇ. ಆದರೆ ಒಂದು ಅಕ್ಷರವನ್ನು ಗಮನಿಸದೆ ಟಿಕೆಟ್ ಮಾಡಿಸಿದರೆ ವಾಸ್ಕೋದ ಮನೆಗೆ ಹೋಗಬೇಕಾದವರು ಉತ್ತರ ಗೋವಾದ ಪೆಡ್ನೆ ತಾಲೂಕಿನಲ್ಲಿ ಇಳಿಯಬೇಕಾಗುತ್ತದೆ.

ಮನುಷ್ಯರು ಹೆಸರನ್ನು ಅಂದಾಜಿನಿಂದ ಗುರುತಿಸುತ್ತಾರೆ, ಯಂತ್ರಗಳು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತವೆ. ಈ ವ್ಯತ್ಯಾಸ ಅತಿ ಹೆಚ್ಚು ತೊಂದರೆ ಕೊಡುವ ಜಾಗಗಳಲ್ಲಿ ಒಂದು ‘ಎನ್ವಿರಾನ್‌ಮೆಂಟ್ ವೇರಿಯಬಲ್’. ಕನ್ನಡದಲ್ಲಿ ‘ಪರಿಸರ ಚರ’ ಎನ್ನಬಹುದು. ಗಡಿಭಾಗದ ಹಳ್ಳಿಗಳಿಂದ ಹೋಗಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರುವ ಯುವಕ ಯುವತಿಯರು, ಕಾಲೇಜಿನಲ್ಲಿ ಲಿನಕ್ಸ್ ಕಲಿಯುವವರು, ಅಂಗಡಿ ಅಥವಾ ಸಹಕಾರಿ ಸಂಘದ ಗಣಕಯಂತ್ರ ನೋಡಿಕೊಳ್ಳುವವರು ಮೊದಲ ತಿಂಗಳಲ್ಲೇ ಇದನ್ನು ಎದುರಿಸುತ್ತಾರೆ. ಇದರ ಹೆಸರಿನ ನಿಯಮಗಳೇನು, ಅವು ಏಕೆ ಹಾಗಿವೆ, ತಪ್ಪಿದರೆ ಏನಾಗುತ್ತದೆ, ಇದರಲ್ಲಿ ನಮ್ಮ ಭಾಷೆಗೆ ಜಾಗ ಎಲ್ಲಿದೆ ಎಂಬ ಮಾಹಿತಿ ಇಲ್ಲಿದೆ.

ಏನಿದು ಪರಿಸರ ಚರ?

ಒಂದು ತಂತ್ರಾಂಶ ಕೆಲಸ ಆರಂಭಿಸುವಾಗ ಕೆಲವು ಸಂಗತಿಗಳು ಅದಕ್ಕೆ ಮೊದಲೇ ಗೊತ್ತಿರಬೇಕು. ಬಳಕೆದಾರರ ಕಡತಗಳು ಎಲ್ಲಿವೆ, ಆಜ್ಞೆಗಳನ್ನು ಎಲ್ಲಿ ಹುಡುಕಬೇಕು, ಯಾವ ಭಾಷೆಯಲ್ಲಿ ಉತ್ತರಿಸಬೇಕು, ಗಡಿಯಾರ ಯಾವ ದೇಶದ್ದು ಇತ್ಯಾದಿ. ಇವನ್ನೆಲ್ಲ ಹೆಸರು ಮತ್ತು ಬೆಲೆಯ ಜೋಡಿಗಳಾಗಿ ಕಾರ್ಯಾಚರಣ ವ್ಯವಸ್ಥೆ ತಂತ್ರಾಂಶದ ಕೈಗೆ ಕೊಡುತ್ತದೆ. ಅಡುಗೆಮನೆಯ ಸಾಲು ಡಬ್ಬಿಗಳನ್ನು ನೆನಪಿಸಿಕೊಳ್ಳಿ. ಡಬ್ಬಿಯ ಮೇಲಿನ ಚೀಟಿ ಹೆಸರು, ಒಳಗಿನ ಸಾಮಾನು ಬೆಲೆ. ಕಡತಗಳ ಮನೆಯನ್ನು ಹೇಳುವ ಚೀಟಿ ‘ಹೋಮ್’, ಆಜ್ಞೆಗಳ ದಾರಿ ಹೇಳುವುದು ‘ಪಾತ್’, ಭಾಷೆ ಹೇಳುವುದು ‘ಲ್ಯಾಂಗ್’.

ಈ ಲೇಖನದಲ್ಲಿ ಇಂತಹ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯಲಾಗಿದೆ. ಗಣಕಯಂತ್ರದಲ್ಲಿ ಇವನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲೇ ಟೈಪ್ ಮಾಡಬೇಕು.

ಈ ಪದ್ಧತಿ ಬಂದದ್ದು ಅಮೆರಿಕದ ಬೆಲ್ ಪ್ರಯೋಗಾಲಯ 1979ರಲ್ಲಿ ಹೊರತಂದ ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ. ಮುಂದೆ ಡಾಸ್ ಮತ್ತು ವಿಂಡೋಸ್ ಕೂಡ ಇದನ್ನು ಅಳವಡಿಸಿಕೊಂಡವು. ಒಂದು ತಂತ್ರಾಂಶ ಇನ್ನೊಂದನ್ನು ಚಾಲನೆ ಮಾಡಿದಾಗ ತನ್ನಲ್ಲಿರುವ ಚರಗಳ ಪ್ರತಿಯನ್ನು ಅದಕ್ಕೆ ದಾಟಿಸುತ್ತದೆ. ಮದುವೆಯಾಗಿ ಹೋಗುವ ಮಗಳು ತವರಿನ ಸಾರಿನ ಹದವನ್ನು ಜೊತೆಗೆ ಒಯ್ದ ಹಾಗೆ. ಗಂಡನ ಮನೆಯಲ್ಲಿ ಆಕೆ ಉಪ್ಪು ಕಡಿಮೆ ಮಾಡಿದರೆ ತವರಿನ ಸಾರು ಸಪ್ಪೆಯಾಗುವುದಿಲ್ಲ. ಅದೇ ರೀತಿ ಮರಿ ತಂತ್ರಾಂಶ ಬದಲಿಸಿದ ಬೆಲೆ ತಾಯಿ ತಂತ್ರಾಂಶಕ್ಕೆ ತಗಲುವುದಿಲ್ಲ.

ಹೆಸರಿನ ನಿಯಮಗಳು

ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆ ‘ಪಾಸಿಕ್ಸ್’ ಎಂಬ ಮಾನದಂಡವಿದೆ. ಇದರ ಮೊದಲ ಆವೃತ್ತಿ 1988ರಲ್ಲಿ ಬಂತು. ವ್ಯವಸ್ಥೆಯ ಸಾಮಾನ್ಯ ಉಪಕರಣಗಳು ಬಳಸುವ ಚರಗಳ ಹೆಸರು ಹೇಗಿರಬೇಕೆಂದು ಅದು ಹೇಳುತ್ತದೆ. ಸಾರಾಂಶ ಹೀಗಿದೆ.

1. ಇಂಗ್ಲಿಷ್ ದೊಡ್ಡಕ್ಷರ, 0ಯಿಂದ 9ರವರೆಗಿನ ಅಂಕಿ ಮತ್ತು ಅಂಡರ್‌ಸ್ಕೋರ್ ಎಂಬ ಅಡಿಗೆರೆ, ಇಷ್ಟು ಮಾತ್ರ ಇರಬಹುದು.
2. ಹೆಸರು ಅಂಕಿಯಿಂದ ಆರಂಭವಾಗಬಾರದು.
3. ಹೆಸರಿನೊಳಗೆ ಸಮ ಚಿಹ್ನೆ ಬರಲೇಬಾರದು.
4. ದೊಡ್ಡಕ್ಷರ ಮತ್ತು ಸಣ್ಣಕ್ಷರ ಬೇರೆ ಬೇರೆ. ಸಣ್ಣಕ್ಷರ ಇರುವ ಹೆಸರುಗಳನ್ನು ಬಳಕೆಯ ತಂತ್ರಾಂಶಗಳಿಗೆಂದು ಬಿಟ್ಟುಕೊಡಲಾಗಿದೆ.

ಅಂದರೆ ‘ವಾಸ್ಕೋ ಅಡಿಗೆರೆ ಅಂಗಡಿ’ ಎಂದು ಇಂಗ್ಲಿಷಿನಲ್ಲಿ ಬರೆದರೆ ಸರಿ. ನಡುವೆ ಅಡ್ಡಗೆರೆ ಹಾಕಿದರೆ ತಪ್ಪು, ಚುಕ್ಕಿ ಇಟ್ಟರೆ ತಪ್ಪು, ಜಾಗ ಬಿಟ್ಟರೆ ತಪ್ಪು. ‘2ಅಂಗಡಿ’ ತಪ್ಪು, ‘ಅಂಗಡಿ2’ ಸರಿ.

ಇದು ಯಾರದೋ ಹಠ ಎಂದು ತೋರಬಹುದು. ಆದರೆ ಪ್ರತಿ ನಿಯಮದ ಹಿಂದೆಯೂ ಕಾರಣವಿದೆ.

ಸಮ ಚಿಹ್ನೆಯ ಕಾರಣ ಸರಳ. ಸ್ಮರಣೆಯಲ್ಲಿ ಈ ಜೋಡಿಗಳು ಹೆಸರು, ಸಮ ಚಿಹ್ನೆ, ಬೆಲೆ ಎಂದು ಒಂದೇ ಸಾಲಾಗಿ ಕೂತಿರುತ್ತವೆ. ಮೊದಲು ಸಿಗುವ ಸಮ ಚಿಹ್ನೆಯೇ ಎರಡರ ನಡುವಿನ ಗಡಿಕಲ್ಲು. ಅದು ಹೆಸರಿನೊಳಗೇ ಬಂದರೆ ಗಡಿ ಎಲ್ಲಿ ಎಂಬುದೇ ತಿಳಿಯದು. ಬೆಲೆಯೊಳಗೆ ಎಷ್ಟು ಸಮ ಚಿಹ್ನೆ ಬಂದರೂ ಅಡ್ಡಿಯಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಗಡಿ ದಾಟಿ ಆಗಿರುತ್ತದೆ.

ಅಂಕಿಯ ಕಾರಣ ‘ಶೆಲ್’ನಲ್ಲಿದೆ. ಶೆಲ್ ಎಂದರೆ ನಾವು ಟೈಪ್ ಮಾಡುವ ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶ. ಚರದ ಬೆಲೆ ಬೇಕಾದಾಗ ಅದರ ಹೆಸರಿನ ಹಿಂದೆ ಡಾಲರ್ ಚಿಹ್ನೆ ಹಾಕಬೇಕು. ಆದರೆ ಡಾಲರ್ ಚಿಹ್ನೆಯ ನಂತರ 2 ಎಂದು ಬಂದರೆ, ಆಜ್ಞೆಯ ಜೊತೆ ಕೊಟ್ಟ ಎರಡನೆಯ ಮಾಹಿತಿ ಎಂದು ಶೆಲ್‌ನಲ್ಲಿ ಮೊದಲಿನಿಂದಲೂ ಅರ್ಥವಿದೆ. ಹಾಗಾಗಿ ‘2ಅಂಗಡಿ’ಯಲ್ಲಿ ಅದು 2 ಅನ್ನು ಮಾತ್ರ ಹೆಸರೆಂದು ಹಿಡಿದು ಉಳಿದದ್ದನ್ನು ಸಾಮಾನ್ಯ ಪಠ್ಯವಾಗಿ ಬಿಟ್ಟುಬಿಡುತ್ತದೆ.

ಅಡ್ಡಗೆರೆಗೂ ಶೆಲ್‌ನಲ್ಲಿ ಬೇರೆ ಕೆಲಸಗಳಿವೆ. ಲೆಕ್ಕದಲ್ಲಿ ಅದು ಕಳೆಯುವ ಚಿಹ್ನೆ. ಪುಷ್ಪಾವರಣದೊಳಗೆ ಹೆಸರಿನ ಮುಂದೆ ಬಂದರೆ ‘ಈ ಚರ ಇಲ್ಲದಿದ್ದರೆ ಮುಂದಿನ ಬೆಲೆ ಬಳಸು’ ಎಂದು ಅರ್ಥ. ಆದುದರಿಂದ ಅಡ್ಡಗೆರೆ ಸಿಕ್ಕಿದ ಕೂಡಲೇ ಹೆಸರು ಮುಗಿಯಿತು ಎಂದು ಶೆಲ್ ತೀರ್ಮಾನಿಸುತ್ತದೆ.

ಅಡಿಗೆರೆಯಲ್ಲಿ ಇದರ ತದ್ವಿರುದ್ಧ ಎಚ್ಚರ ಬೇಕು. ಅಂಗಡಿಯ ಹೆಸರಿನ ಬೆಲೆಯ ಬೆನ್ನಿಗೆ ಅಡಿಗೆರೆ ಮತ್ತು 2024 ಸೇರಿಸಿ ಕಡತದ ಹೆಸರು ಮಾಡಬೇಕೆಂದಿಟ್ಟುಕೊಳ್ಳಿ. ಅಡಿಗೆರೆ ಹೆಸರಿನಲ್ಲಿ ಬರಬಹುದಾದ ಅಕ್ಷರವಾದ ಕಾರಣ ಶೆಲ್ ಪೂರ್ತಿಯನ್ನೂ ಒಂದೇ ಹೆಸರೆಂದು ಓದಿ, ಅಂತಹ ಚರವೇ ಇಲ್ಲದೆ ಖಾಲಿ ಉತ್ತರ ಕೊಡುತ್ತದೆ. ಹೆಸರನ್ನು ಪುಷ್ಪಾವರಣದೊಳಗೆ ಇಟ್ಟರೆ ಈ ಗೊಂದಲ ಇಲ್ಲ.

ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ

ಇಲ್ಲಿ ಹಲವರು ಎಡವುವ ಒಂದು ಅಂಶವಿದೆ. ಲಿನಕ್ಸಿನ ಒಳತಿರುಳಾದ ಕರ್ನೆಲ್ ಹೆಸರುಗಳನ್ನು ಪರೀಕ್ಷಿಸುವುದೇ ಇಲ್ಲ. ಸಿ ಭಾಷೆಯ ಗ್ರಂಥಾಲಯದ ‘ಸೆಟ್‌ಎನ್ವ್’ ಎಂಬ ಕ್ರಿಯೆ ಹೆಸರು ಖಾಲಿಯಿದ್ದರೆ ಅಥವಾ ಅದರಲ್ಲಿ ಸಮ ಚಿಹ್ನೆ ಇದ್ದರೆ ಮಾತ್ರ ನಿರಾಕರಿಸುತ್ತದೆ. ‘ಎನ್ವ್’ ಎಂಬ ಆಜ್ಞೆಯ ಮೂಲಕ ಅಡ್ಡಗೆರೆಯ ಹೆಸರನ್ನು ಇನ್ನೊಂದು ತಂತ್ರಾಂಶಕ್ಕೆ ದಾಟಿಸಲೂಬಹುದು. ಪೈಥಾನ್‌ನಲ್ಲಿ ಬರೆದ ತಂತ್ರಾಂಶ ಅದನ್ನು ಓದಿಯೂ ಓದುತ್ತದೆ. ನಡುವೆ ಶೆಲ್ ಬಂದಾಗಲೇ ತೊಂದರೆ. ಕೆಲವು ಶೆಲ್‌ಗಳು ತಮಗೆ ಒಪ್ಪಿಗೆಯಾಗದ ಹೆಸರುಗಳನ್ನು ಮುಂದಿನ ತಂತ್ರಾಂಶಕ್ಕೆ ದಾಟಿಸುವುದೇ ಇಲ್ಲ. ದೂರೂ ಹೇಳುವುದಿಲ್ಲ.

ಪರಿಣಾಮವಾಗಿ ಮನೆಯ ಗಣಕಯಂತ್ರದಲ್ಲಿ ಸರಿಯಾಗಿ ನಡೆದ ತಂತ್ರಾಂಶ ಕಚೇರಿಯ ಸರ್ವರಿನಲ್ಲಿ ನಡೆಯುವುದಿಲ್ಲ. ಗಡಿ ದಾಟುವ ಲಾರಿಯ ಸ್ಥಿತಿಯೂ ಇದೇ ಅಲ್ಲವೇ? ಮೊದಲ ಎರಡು ತಪಾಸಣಾ ನಾಕೆಗಳಲ್ಲಿ ಯಾರೂ ಕೇಳದ ಕಾಗದವನ್ನು ಮೂರನೆಯವರು ಕೇಳುತ್ತಾರೆ. ಆದ್ದರಿಂದ ಅತಿ ಕಟ್ಟುನಿಟ್ಟಿನ ನಾಕೆ ಕೇಳುವ ಕಾಗದವನ್ನೇ ಮೊದಲಿನಿಂದ ಇಟ್ಟುಕೊಳ್ಳುವುದು ಜಾಣತನ.

ವಿಂಡೋಸ್‌ನ ದಾರಿ ಬೇರೆ. ಅಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಹೆಸರಿನಲ್ಲಿ ಆವರಣ ಚಿಹ್ನೆಯೂ ಇರಬಹುದು. ‘ಪ್ರೋಗ್ರಾಮ್‌ಫೈಲ್ಸ್’ ಎಂಬುದರ ಬೆನ್ನಿಗೆ ಆವರಣದೊಳಗೆ ‘ಎಕ್ಸ್86’ ಎಂದಿರುವ ಚರವನ್ನು ವಿಂಡೋಸೇ ಸ್ವತಃ ಇಟ್ಟುಕೊಂಡಿದೆ. ಆದರೆ ಅಲ್ಲೊಂದು ಗುಂಡಿಯಿದೆ. ಕಮಾಂಡ್ ಕಿಟಕಿಯಲ್ಲಿ ‘ಸೆಟ್’ ಆಜ್ಞೆ ಕೊಡುವಾಗ ಸಮ ಚಿಹ್ನೆಯ ಹಿಂದೆ ಜಾಗ ಬಿಟ್ಟರೆ ಆ ಖಾಲಿ ಜಾಗವೂ ಹೆಸರಿನ ಭಾಗವಾಗಿಬಿಡುತ್ತದೆ. ಕಣ್ಣಿಗೆ ಹೆಸರು ಸರಿಯಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಲಿನಕ್ಸ್ ಶೆಲ್‌ನಲ್ಲಿ ಅದೇ ರೀತಿ ಜಾಗ ಬಿಟ್ಟರೆ ಹೆಸರನ್ನೇ ಒಂದು ಆಜ್ಞೆ ಎಂದು ತಿಳಿದು ‘ಅಂತಹ ಆಜ್ಞೆ ಸಿಗಲಿಲ್ಲ’ ಎನ್ನುತ್ತದೆ. ಒಂದು ರೀತಿಯಲ್ಲಿ ಇದೇ ವಾಸಿ, ತಪ್ಪು ಅಲ್ಲೇ ಗೊತ್ತಾಗುತ್ತದೆ.

ಕನ್ನಡದಲ್ಲಿ ಹೆಸರಿಟ್ಟರೇನು?

ಡಬ್ಬಿಯ ಚೀಟಿಯನ್ನೂ ಕನ್ನಡದಲ್ಲೇ ಬರೆಯಬಾರದೇಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ‘ದಾಬೋಲಿಮ್’ ಎಂಬ ಪದವೇ ಉತ್ತರ ಹೇಳುತ್ತದೆ.

ಇಂಗ್ಲಿಷಿನಲ್ಲಿ ಈ ಹೆಸರಿಗೆ 7 ಅಕ್ಷರ, 7 ಬೈಟ್. ಯೂನಿಕೋಡ್ ಕನ್ನಡದಲ್ಲಿ ದ, ಅದರ ದೀರ್ಘ, ಬ, ಅದರ ಓಕಾರ, ಲ, ಅದರ ಗುಡಿಸು, ಮ, ಹಲಂತ ಎಂದು 8 ಸಂಕೇತಗಳು. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಒಟ್ಟು 24 ಬೈಟ್. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಆದರೆ ‘ಬೋ’ದಲ್ಲಿರುವ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ಸಂಕೇತಗಳನ್ನು ಸಾಲಾಗಿ ಜೋಡಿಸಿಯೂ ಬರೆಯಬಹುದು. ಎರಡೂ ಸಮಾನ ಎಂದು ಯೂನಿಕೋಡ್ ಒಪ್ಪುತ್ತದೆ, ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಎರಡನೆಯ ರೀತಿಯಲ್ಲಿ 10 ಸಂಕೇತ, 30 ಬೈಟ್ ಆಗುತ್ತದೆ. ಬೈಟ್‌ಗಳನ್ನಷ್ಟೇ ಹೋಲಿಸುವ ವ್ಯವಸ್ಥೆಗೆ ಇವು ಎರಡು ಬೇರೆ ಬೇರೆ ಹೆಸರುಗಳು. ‘ದಾಬೋಲಿಂ’ ಎಂದು ಅನುಸ್ವಾರದಲ್ಲಿ ಬರೆದರೆ 21 ಬೈಟ್, ಅದು ಮತ್ತೊಂದು ಹೆಸರು.

ಕಣ್ಣಿಗೆ ಕಾಣದ ಅಕ್ಷರಗಳೂ ಇವೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಒತ್ತಕ್ಷರ ಆಗದಂತೆ ನಡುವೆ ಹಾಕುವ ಸಂಕೇತ ಪರದೆಯ ಮೇಲೆ ಕಾಣುವುದಿಲ್ಲ, ಆದರೆ ಅದೂ 3 ಬೈಟ್ ಹಿಡಿಯುತ್ತದೆ. ಒಬ್ಬರು ಹಾಕಿ, ಇನ್ನೊಬ್ಬರು ಬಿಟ್ಟರೆ ಹೆಸರು ತಾಳೆಯಾಗದು. ವಿಂಡೋಸ್ ಕನ್ನಡದ ಹೆಸರನ್ನು ತಡೆಯುವುದಿಲ್ಲವಾದರೂ ಈ ಕಾರಣಗಳಿಗಾಗಿ ಅಲ್ಲಿಯೂ ಇಂಗ್ಲಿಷ್ ಹೆಸರೇ ಕ್ಷೇಮ. 1, 2 ಎಂಬಲ್ಲಿ ೧, ೨ ಬರೆಯುವುದೂ ಸಲ್ಲದು. ಅವು ನಮಗೆ ಅಂಕಿಗಳು, ಹೆಸರಿನ ನಿಯಮಕ್ಕೆ ಅಲ್ಲ.

ಹೆಸರು ತಪ್ಪಿದಾಗ ಆದದ್ದೇನು?

ಇದೆಲ್ಲ ಸಣ್ಣ ಕಿರಿಕಿರಿ ಎನ್ನುವವರು ಮೂರು ಘಟನೆಗಳನ್ನು ಗಮನಿಸಬೇಕು.

ಮೊದಲನೆಯದು 2014ರ ಸೆಪ್ಟೆಂಬರ್‌ನಲ್ಲಿ ಬಯಲಾದ ‘ಶೆಲ್‌ಶಾಕ್’. ಬ್ಯಾಶ್ ಎಂಬ ಜನಪ್ರಿಯ ಶೆಲ್ ಪರಿಸರ ಚರದ ಬೆಲೆ ಒಂದು ನಿರ್ದಿಷ್ಟ ರೀತಿಯಲ್ಲಿ ಆರಂಭವಾದರೆ ಅದನ್ನು ಚಿಕ್ಕ ಕಾರ್ಯಕ್ರಮ ಎಂದು ತಿಳಿಯುತ್ತಿತ್ತು. ಓದುವ ಭರದಲ್ಲಿ ಅದರ ಬಾಲಕ್ಕೆ ಅಂಟಿಸಿದ ಆಜ್ಞೆಯನ್ನೂ ನಡೆಸಿಬಿಡುತ್ತಿತ್ತು. ದೂರದಲ್ಲಿ ಕೂತವರು ಸರ್ವರಿಗೆ ಆಜ್ಞೆ ಕೊಡಲು ಇದರಿಂದ ಸಾಧ್ಯವಾಯಿತು. ಪರಿಹಾರದಲ್ಲಿ ಹೆಸರಿನ ನಿಯಮವೇ ನೆರವಿಗೆ ಬಂತು. ಅಂತಹ ಕಾರ್ಯಕ್ರಮಗಳ ಹೆಸರಿನ ಕೊನೆಗೆ ಎರಡು ಶೇಕಡಾ ಚಿಹ್ನೆ ಸೇರಿಸಲಾಯಿತು. ಸಾಮಾನ್ಯ ಚರದ ಹೆಸರಿನಲ್ಲಿ ಆ ಚಿಹ್ನೆ ನಿಷಿದ್ಧ. ಹಾಗಾಗಿ ಎರಡಕ್ಕೂ ನಡುವೆ ಬೇಲಿ ಬಿತ್ತು.

ಎರಡನೆಯದು 2016ರ ಜುಲೈನಲ್ಲಿ ಸುದ್ದಿಯಾದ ‘ಎಚ್‌ಟಿಟಿಪಾಕ್ಸಿ’. ಸಿಜಿಐ ಎಂಬ ಹಳೆಯ ಪದ್ಧತಿಯಲ್ಲಿ ಬ್ರೌಸರ್ ಕಳುಹಿಸುವ ತಲೆಬರಹಗಳನ್ನು ಸರ್ವರ್ ಪರಿಸರ ಚರಗಳಾಗಿ ಮಾಡುತ್ತದೆ. ಅಡ್ಡಗೆರೆಗೆ ಜಾಗವಿಲ್ಲದ ಕಾರಣ ಅದನ್ನು ಅಡಿಗೆರೆಯಾಗಿಸಿ, ಎಲ್ಲವನ್ನೂ ದೊಡ್ಡಕ್ಷರ ಮಾಡಿ, ಮುಂದೆ ‘ಎಚ್‌ಟಿಟಿಪಿ ಅಡಿಗೆರೆ’ ಎಂದು ಸೇರಿಸುತ್ತದೆ. ಯಾರಾದರೂ ‘ಪ್ರಾಕ್ಸಿ’ ಎಂಬ ತಲೆಬರಹ ಕಳುಹಿಸಿದರೆ ಹುಟ್ಟುವ ಹೆಸರು, ಹೊರಗಿನ ಸಂಪರ್ಕ ಯಾವ ದಾರಿಯಲ್ಲಿ ಹೋಗಬೇಕೆಂದು ಹಲವು ತಂತ್ರಾಂಶಗಳು ನೋಡುವ ಚರದ ಹೆಸರೇ ಆಗಿಬಿಡುತ್ತದೆ. ಹೊರಗಿನವರು ನಮ್ಮ ಮನೆಯ ಡಬ್ಬಿಗೆ ತಮ್ಮ ಸಾಮಾನು ತುಂಬಿದಂತೆ! ‘ಕರ್ಲ್’ ಎಂಬ ತಂತ್ರಾಂಶ ಈ ಚರವನ್ನು ಸಣ್ಣಕ್ಷರದಲ್ಲಿ ಬರೆದರೆ ಮಾತ್ರ ಒಪ್ಪುವುದು ಇದೇ ಕಾರಣಕ್ಕೆ.

ಮೂರನೆಯದು ಶೆಲ್‌ನ ಸಾಮಾನ್ಯ ಚರವೊಂದರದ್ದು. ಪಾಠ ಪರಿಸರ ಚರಕ್ಕೂ ಸಲ್ಲುತ್ತದೆ. 2015ರ ಜನವರಿಯಲ್ಲಿ ಲಿನಕ್ಸಿನ ‘ಸ್ಟೀಮ್’ ಆಟಗಳ ತಂತ್ರಾಂಶದಲ್ಲಿ ಒಂದು ದೋಷ ವರದಿಯಾಯಿತು. ಒಂದು ಚರದಲ್ಲಿರುವ ಜಾಗದ ಕೆಳಗಿನ ಕಡತಗಳನ್ನೆಲ್ಲ ಅಳಿಸು ಎಂಬ ಆಜ್ಞೆ ಅದರಲ್ಲಿತ್ತು. ಆ ಚರ ಖಾಲಿಯಾಗಿದ್ದಾಗ ಆಜ್ಞೆಯ ಅರ್ಥ, ಗಣಕಯಂತ್ರದ ಬುಡದಿಂದಲೇ ಅಳಿಸು ಎಂದಾಯಿತು. ಬಳಕೆದಾರರ ಸ್ವಂತ ಕಡತಗಳು ಹೋದವು. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಸಿಗುವುದೂ ಇಂತಹುದೇ ಖಾಲಿ ಬೆಲೆ. ಶೆಲ್ ಅದನ್ನು ತಪ್ಪೆಂದು ತಾನಾಗಿ ಹೇಳುವುದಿಲ್ಲ.

ನಮ್ಮ ಭಾಷೆಗೆ ಜಾಗ ಎಲ್ಲಿ?

ಹೆಸರು ಇಂಗ್ಲಿಷಿನಲ್ಲಿರಲಿ, ಬೆಲೆಗೆ ಆ ಬಂಧನವಿಲ್ಲ. ಶೂನ್ಯ ಬೈಟ್ ಒಂದನ್ನು ಬಿಟ್ಟು ಬೆಲೆಯಲ್ಲಿ ಏನನ್ನೂ ಇಡಬಹುದು. ಅಂಗಡಿಯ ಹೆಸರು, ರಸೀದಿಯ ಒಕ್ಕಣೆ, ಊರಿನ ಹೆಸರು ಎಲ್ಲವೂ ಕನ್ನಡದಲ್ಲೇ ಇರಬಹುದು, ಪಕ್ಕದಲ್ಲೇ ಕೊಂಕಣಿಯೂ ಇರಬಹುದು. ಜಾಗ ಬಿಟ್ಟು ಬರೆಯುವಾಗ ಉದ್ಧರಣ ಚಿಹ್ನೆಯೊಳಗೆ ಇಟ್ಟರಾಯಿತು. ಆದರೆ ಪಠ್ಯ ಯೂನಿಕೋಡ್‌ನಲ್ಲಿರಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ತಂದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಅದಕ್ಕಿಂತ ಮುಖ್ಯವಾದುದು ‘ಲ್ಯಾಂಗ್’ ಎಂಬ ಚರ. ಲಿನಕ್ಸ್‌ನಲ್ಲಿ ಇದಕ್ಕೆ ಕೆ, ಎನ್, ಅಡಿಗೆರೆ, ಐ, ಎನ್, ಚುಕ್ಕಿ, ಯುಟಿಎಫ್-8 ಎಂಬ ಬೆಲೆ ಕೊಟ್ಟರೆ ಭಾರತದ ಕನ್ನಡ ಎಂದರ್ಥ. ಮರಾಠಿಗೆ ಎಂ, ಆರ್. ಮಲಯಾಳಕ್ಕೆ ಎಂ, ಎಲ್. ಕೊಂಕಣಿಗೆ ಎರಡಕ್ಷರದ ಸಂಕೇತ ಇಲ್ಲದ ಕಾರಣ ಕೆ, ಓ, ಕೆ ಎಂಬ ಮೂರಕ್ಷರ. ತುಳುವಿಗೆ ಟಿ, ಸಿ, ವೈ. ಇವೆಲ್ಲ ಸಣ್ಣಕ್ಷರದಲ್ಲಿ, ಕೊನೆಯ ಐ, ಎನ್ ಮಾತ್ರ ದೊಡ್ಡಕ್ಷರದಲ್ಲಿ. ‘ಎಲ್‌ಸಿ ಅಡಿಗೆರೆ ಆಲ್’ ಎಂಬ ಚರ ಇದ್ದರೆ ಅದು ಲ್ಯಾಂಗ್‌ನ ಮಾತನ್ನು ಮೀರಿಸುತ್ತದೆ. ಕನ್ನಡ ಬಾರದಿದ್ದರೆ ಮೊದಲು ಅದನ್ನು ಪರೀಕ್ಷಿಸಬೇಕು.

ಗಡಿಭಾಗದವರಿಗೆಂದೇ ಮಾಡಿದಂತಿರುವುದು ‘ಲ್ಯಾಂಗ್ವೇಜ್’ ಎಂಬ ಇನ್ನೊಂದು ಚರ. ಗ್ನೂ ತಂತ್ರಾಂಶಗಳು ಸಂದೇಶ ತೋರಿಸುವಾಗ ಇದನ್ನು ನೋಡುತ್ತವೆ. ಇದರಲ್ಲಿ ಒಂದಲ್ಲ, ಹಲವು ಭಾಷೆಗಳನ್ನು ನಡುವೆ ಕೋಲನ್ ಹಾಕಿ ಸಾಲಾಗಿ ಬರೆಯಬಹುದು. ಮೊದಲು ಕನ್ನಡ, ಅನುವಾದ ಇಲ್ಲದಿದ್ದರೆ ಕೊಂಕಣಿ, ಅದೂ ಇಲ್ಲದಿದ್ದರೆ ಮರಾಠಿ, ಕೊನೆಗೆ ಇಂಗ್ಲಿಷ್ ಎಂದು ಹೇಳಬಹುದು. ಕಾರವಾರದಿಂದ ವಾಸ್ಕೋದವರೆಗೆ ಜನ ಸಂತೆಯಲ್ಲಿ ಮಾತನಾಡುವುದೂ ಹೀಗೆಯೇ. ಒಂದು ಭಾಷೆಯಲ್ಲಿ ಪದ ಸಿಗದಿದ್ದರೆ ಇನ್ನೊಂದರಲ್ಲಿ ಕೇಳುತ್ತಾರೆ. ಆದರೆ ಲ್ಯಾಂಗ್ ಚರ ‘ಸಿ’ ಎಂಬ ಮೂಲ ಬೆಲೆಯಲ್ಲೇ ಇದ್ದರೆ ಈ ಪಟ್ಟಿ ಕೆಲಸ ಮಾಡದು.

ನೆನಪಿಡಬೇಕಾದುದು

ಹೊಸಬರು ಕೆಲವೇ ಅಭ್ಯಾಸಗಳನ್ನು ರೂಢಿಸಿಕೊಂಡರೆ ಸಾಕು. ಹೆಸರಿಗೆ ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ಅಡಿಗೆರೆ ಮಾತ್ರ ಬಳಸಿ, ಅಕ್ಷರದಿಂದಲೇ ಆರಂಭಿಸಬೇಕು. ಸಮ ಚಿಹ್ನೆಯ ಎರಡೂ ಬದಿ ಜಾಗ ಬಿಡಬಾರದು. ಪಾತ್, ಹೋಮ್ ಮುಂತಾದ ಹೆಸರುಗಳನ್ನು ಸ್ವಂತ ಕೆಲಸಕ್ಕೆ ಬಳಸಬಾರದು, ಪಾತ್ ಅಳಿದರೆ ಸಾಮಾನ್ಯ ಆಜ್ಞೆಗಳೂ ಸಿಗುವುದಿಲ್ಲ. ತಮ್ಮ ಚರಗಳಿಗೆ ಊರಿನದೋ ಸಂಸ್ಥೆಯದೋ ಮುಂಪದ ಸೇರಿಸಿದರೆ ಬೇರೆಯವರ ಹೆಸರಿನೊಡನೆ ಡಿಕ್ಕಿಯಾಗದು. ಕಡತ ಅಳಿಸುವಂತಹ ಆಜ್ಞೆ ಬರೆಯುವ ಮೊದಲು ಶೆಲ್‌ನಲ್ಲಿ ‘ಸೆಟ್’ ಆಜ್ಞೆಗೆ ಅಡ್ಡಗೆರೆ ಮತ್ತು ಸಣ್ಣ ‘ಯು’ ಸೇರಿಸಿ ಕೊಟ್ಟರೆ, ಇಲ್ಲದ ಚರ ಎದುರಾದ ಕೂಡಲೇ ಕೆಲಸ ನಿಲ್ಲುತ್ತದೆ. ಆದರೆ ಚರ ಇದ್ದೂ ಖಾಲಿಯಾಗಿದ್ದರೆ ಇದು ತಡೆಯುವುದಿಲ್ಲ, ಅದನ್ನು ಬೇರೆಯಾಗಿ ಪರೀಕ್ಷಿಸಬೇಕು.

ಈ ಊರನ್ನು ದಾಬೋಲಿಮ್ ಎನ್ನಬೇಕೋ ದಾಬೋಳಿ ಎನ್ನಬೇಕೋ ಎಂಬುದನ್ನು ಇಲ್ಲಿನ ಜನ ತಮ್ಮ ತಮ್ಮ ಭಾಷೆಯಲ್ಲಿ ತೀರ್ಮಾನಿಸಿಕೊಂಡಿದ್ದಾರೆ. ಆ ಎರಡನ್ನೂ ಒಂದು ಚರದ ಬೆಲೆಯಲ್ಲಿ ಅಕ್ಕಪಕ್ಕ ಇಡಲು ಗಣಕಯಂತ್ರದ ಅಡ್ಡಿಯಿಲ್ಲ. ಹೊರಗಿನ ಚೀಟಿಯೊಂದನ್ನು ಮಾತ್ರ ಅದು ಕೇಳಿದ ರೀತಿಯಲ್ಲೇ ಬರೆದುಕೊಡಬೇಕು.